ಬೆಳ್ಳಗಿರುವುದೆಲ್ಲ ಬೆಳ್ಳಿಯಲ್ಲ: ಅಂತರ್ಜಾಲದಲ್ಲಿ ಅಮೆರಿಕದ ಬೆಳ್ಳಿ ಡಾಲರ್ ಕೊಳ್ಳುವವರು ಅರಿತಿರಬೇಕಾದುದು

ವ್ಯಾಪಾರವೆಂಬುದು ಮೂಲತಃ ನಂಬಿಕೆಯ ವ್ಯವಹಾರ. ಚಿನಿವಾರನು ನಾಣ್ಯವನ್ನು ಬೆರಳ ತುದಿಯಿಂದ ಚಿಮ್ಮಿಸಿ, ಅದರ ನಾದವನ್ನು ಆಲಿಸಿ, ತಕ್ಕಡಿಯಲ್ಲಿಟ್ಟು ತೂಗಿ ಬೆಲೆ ಹೇಳುತ್ತಿದ್ದ ಕಾಲದಲ್ಲಿ ಕೊಳ್ಳುವವನ ಮತ್ತು ಮಾರುವವನ ನಡುವೆ ಒಂದು ಮಾರಿನ ಅಂತರವಷ್ಟೇ ಇರುತ್ತಿತ್ತು. ಅಂತರ್ಜಾಲವು ಈ ಅಂತರವನ್ನು ಸಾವಿರಾರು ಮೈಲಿಗಳಿಗೆ ವಿಸ್ತರಿಸಿದೆ. ಬೆಂಗಳೂರಿನಲ್ಲಿ ಕುಳಿತವರು ಅಮೆರಿಕದ ಯಾವುದೋ ಊರಿನ ಮಾರಾಟಗಾರನಿಂದ ನೂರು ವರ್ಷ ಹಿಂದಿನ ನಾಣ್ಯವನ್ನು ಕೆಲವೇ ನಿಮಿಷಗಳಲ್ಲಿ ಕೊಳ್ಳಬಹುದಾಗಿದೆ. ಆದರೆ ನಾಣ್ಯವನ್ನು ಕೈಯಲ್ಲಿ ಹಿಡಿದು ನೋಡುವ ಮೊದಲೇ ಹಣ ಕೈಬಿಟ್ಟಿರುತ್ತದೆ. ಖೋಟಾ ನಾಣ್ಯಗಳ ವ್ಯಾಪಾರವು ಬೆಳೆದಿರುವುದು ಈ ಸಂದಿನಲ್ಲಿಯೇ.

ಸಂಗ್ರಾಹಕರು ಅತ್ಯಂತ ಹೆಚ್ಚಾಗಿ ಬಯಸುವ ನಾಣ್ಯಗಳಲ್ಲಿ ಅಮೆರಿಕದ ಬೆಳ್ಳಿ ಡಾಲರಿಗೆ ಪ್ರಮುಖ ಸ್ಥಾನವಿದೆ. ಅಂತೆಯೇ ಅತ್ಯಂತ ಹೆಚ್ಚಾಗಿ ಖೋಟಾಗೊಳಗಾಗಿರುವ ನಾಣ್ಯಗಳ ಪಟ್ಟಿಯಲ್ಲಿಯೂ ಅದರ ಹೆಸರು ಮುಂಚೂಣಿಯಲ್ಲಿದೆ. ಉಳಿತಾಯದ ಹಣವನ್ನು ಬೆಳ್ಳಿಯಲ್ಲಿ ತೊಡಗಿಸುವೆನೆಂದು ಭಾವಿಸಿ ಹಿತ್ತಾಳೆಯ ತುಂಡನ್ನು ಮನೆಗೆ ತಂದವರು ಅನೇಕರು. ಈ ನಾಣ್ಯಗಳ ಹಿನ್ನೆಲೆ, ಖೋಟಾ ನಾಣ್ಯಗಳ ಬಗೆಗಳು, ಅವುಗಳನ್ನು ಗುರುತಿಸುವ ವಿಧಾನ ಹಾಗೂ ಕೊಳ್ಳುವವರು ವಹಿಸಬೇಕಾದ ಎಚ್ಚರಗಳನ್ನು ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ಬೆಳ್ಳಿ ಡಾಲರಿನ ಹಿನ್ನೆಲೆ

ಅಮೆರಿಕದ ಮೊದಲ ಬೆಳ್ಳಿ ಡಾಲರ್ ಟಂಕಿಸಲ್ಪಟ್ಟದ್ದು 1794ರಲ್ಲಿ. ಆದರೆ ಇಂದು ಮಾರುಕಟ್ಟೆಯಲ್ಲಿ ಹೇರಳವಾಗಿ ಕೈಬದಲಾಗುವುದು ಮೂರು ಬಗೆಯ ಹಳೆಯ ಡಾಲರುಗಳು.

ಮೊದಲನೆಯದು ಮಾರ್ಗನ್ ಡಾಲರ್. ನೆವಾಡಾ ಪ್ರಾಂತ್ಯದ ಗಣಿಗಳಿಂದ ಬೆಳ್ಳಿಯು ಪ್ರವಾಹದಂತೆ ಹರಿದು ಬರುತ್ತಿದ್ದ ಕಾಲದಲ್ಲಿ, 1878ರ ಬ್ಲಾಂಡ್-ಆಲಿಸನ್ ಕಾಯಿದೆಯು ಪ್ರತಿ ತಿಂಗಳೂ 20 ಲಕ್ಷದಿಂದ 40 ಲಕ್ಷ ಡಾಲರ್ ಮೌಲ್ಯದ ಬೆಳ್ಳಿಯನ್ನು ಕೊಂಡು ನಾಣ್ಯವಾಗಿ ಟಂಕಿಸುವಂತೆ ಅಲ್ಲಿನ ಖಜಾನೆಗೆ ಆದೇಶಿಸಿತು. ಜಾರ್ಜ್ ಮಾರ್ಗನ್ ಎಂಬ ಕೆತ್ತನೆಗಾರನು ರೂಪಿಸಿದ ಈ ನಾಣ್ಯವು 1878ರಿಂದ 1904ರವರೆಗೆ, ಅನಂತರ ಮತ್ತೆ 1921ರಲ್ಲಿ ಹೊರಬಂದಿತು. ಎರಡನೆಯದು ಪೀಸ್ ಡಾಲರ್, ಅರ್ಥಾತ್ ಶಾಂತಿಯ ಡಾಲರ್. ಮೊದಲ ಮಹಾಯುದ್ಧಾನಂತರದ ಶಾಂತಿಯ ನೆನಪಿಗಾಗಿ ಆಂಥೊನಿ ಡಿ ಫ್ರಾನ್ಸಿಸಿ ರೂಪಿಸಿದ ಈ ನಾಣ್ಯವನ್ನು 1921ರಿಂದ 1928ರವರೆಗೂ, 1934 ಮತ್ತು 1935ರಲ್ಲಿಯೂ ಟಂಕಿಸಲಾಯಿತು. ಮೂರನೆಯದು ಟ್ರೇಡ್ ಡಾಲರ್. ಇದು ಹೆಸರೇ ಹೇಳುವಂತೆ ವಾಣಿಜ್ಯದ ಉದ್ದೇಶಕ್ಕಾಗಿಯೇ ಹುಟ್ಟಿದುದು. ಚೀನಾದೊಡನೆ ನಡೆಯುತ್ತಿದ್ದ ವ್ಯಾಪಾರದಲ್ಲಿ ಮೆಕ್ಸಿಕೋ ದೇಶದ ಬೆಳ್ಳಿ ನಾಣ್ಯಗಳೊಡನೆ ಸ್ಪರ್ಧಿಸಲೆಂದು ಇದನ್ನು 1873ರಿಂದ 1878ರವರೆಗೆ ಚಲಾವಣೆಗಾಗಿ ಟಂಕಿಸಲಾಯಿತು. ಅದರ ಅನಂತರ ಬಂದವು ಸಂಗ್ರಾಹಕರಿಗೆಂದೇ ತಯಾರಾದ ಅತ್ಯಲ್ಪ ಸಂಖ್ಯೆಯ ನಾಣ್ಯಗಳು ಮಾತ್ರ.

ಇವಲ್ಲದೆ 1986ರಿಂದ ಅಮೆರಿಕದ ಟಂಕಸಾಲೆಯು ಹೂಡಿಕೆದಾರರಿಗಾಗಿ ಹೊರತರುತ್ತಿರುವ ‘ಸಿಲ್ವರ್ ಈಗಲ್’ ನಾಣ್ಯವೂ ಒಂದು ಡಾಲರ್ ಮುಖಬೆಲೆಯದೇ. ಇದರಲ್ಲಿ ಒಂದು ಟ್ರಾಯ್ ಔನ್ಸ್, ಎಂದರೆ 31.1 ಗ್ರಾಂ ಶುದ್ಧ ಬೆಳ್ಳಿಯಿದೆ.

ಡಾಲರುಗಳು ಕರಗಿ ರೂಪಾಯಿಗಳಾದ ಕಥೆ

ಬೆಳ್ಳಿ ಡಾಲರಿನ ಚರಿತ್ರೆಯಲ್ಲಿ ಭಾರತಕ್ಕೆ ನೇರವಾಗಿ ಸಂಬಂಧಿಸಿದ ಅಧ್ಯಾಯವೊಂದಿದೆ. ಇಂದಿನ ಖೋಟಾ ವ್ಯಾಪಾರವನ್ನು ಅರ್ಥ ಮಾಡಿಕೊಳ್ಳಲು ಅದು ಸಹಾಯಕವಾಗುತ್ತದೆ.

ಮೊದಲ ಮಹಾಯುದ್ಧದ ಕಾಲದಲ್ಲಿ ಭಾರತದಿಂದ ಬ್ರಿಟನ್ನಿಗೆ ಅಪಾರ ಸರಕು ರಫ್ತಾಗುತ್ತಿತ್ತು. ಅದಕ್ಕೆ ಪ್ರತಿಯಾಗಿ ಇಲ್ಲಿ ಬೆಳ್ಳಿ ರೂಪಾಯಿಗಳ ಬೇಡಿಕೆ ಏರುತ್ತಲೇ ಹೋಯಿತು. ಬೆಳ್ಳಿಯ ಅಭಾವದಿಂದಾಗಿ 1917ರಲ್ಲಿ ಒಂದು ರೂಪಾಯಿಯ ಕಾಗದದ ನೋಟು ಜಾರಿಗೆ ಬಂದಿತು. 1918ರ ಹೊತ್ತಿಗೆ ನೋಟುಗಳನ್ನು ಬೆಳ್ಳಿಗೆ ಬದಲಾಯಿಸಿಕೊಳ್ಳಲು ಜನರು ಮುಗಿಬಿದ್ದು, ಸರ್ಕಾರದ ಬೆಳ್ಳಿಯ ದಾಸ್ತಾನು ಬರಿದಾಗುವ ಸ್ಥಿತಿ ಒದಗಿತು. ಬ್ರಿಟನ್ ಅಮೆರಿಕದ ನೆರವನ್ನು ಕೋರಿತು. ನೆವಾಡಾದ ಸೆನೆಟ್ ಸದಸ್ಯ ಕೀ ಪಿಟ್‌ಮನ್ ಹೆಸರಿನ ಕಾಯಿದೆಯು 1918ರ ಏಪ್ರಿಲ್ 23ರಂದು ಜಾರಿಗೆ ಬಂದು, 35 ಕೋಟಿವರೆಗೆ ಬೆಳ್ಳಿ ಡಾಲರುಗಳನ್ನು ಕರಗಿಸಲು ಅನುಮತಿ ನೀಡಿತು. ಅಂತಿಮವಾಗಿ ಕರಗಿದ ನಾಣ್ಯಗಳ ಸಂಖ್ಯೆ 27,02,32,722. ಅವುಗಳಲ್ಲಿ 25,91,21,554 ಡಾಲರುಗಳ ಬೆಳ್ಳಿಯು ಔನ್ಸಿಗೆ ಒಂದು ಡಾಲರಿನಂತೆ ಬ್ರಿಟನ್ನಿನ ಮೂಲಕ ಭಾರತದ ಪಾಲಿಗೆ ಬಂದಿತು. ನಮ್ಮ ಮನೆಗಳ ಪೆಟ್ಟಿಗೆಗಳಲ್ಲಿ ಇಂದಿಗೂ ಉಳಿದಿರುವ ಆ ಕಾಲದ ಐದನೆಯ ಜಾರ್ಜ್ ದೊರೆಯ ರೂಪಾಯಿಗಳಲ್ಲಿ ಕೆಲವಾದರೂ ಒಂದಾನೊಂದು ಕಾಲಕ್ಕೆ ಮಾರ್ಗನ್ ಡಾಲರುಗಳಾಗಿದ್ದಿರಬಹುದು.

ಕರಗಿಸುವಾಗ ಯಾವ ವರ್ಷದ, ಯಾವ ಟಂಕಸಾಲೆಯ ನಾಣ್ಯಗಳು ಎಷ್ಟು ಎಂಬ ಲೆಕ್ಕವನ್ನು ಯಾರೂ ಇಡಲಿಲ್ಲ. ಮಾರ್ಗನ್ ಡಾಲರುಗಳು ಒಟ್ಟು 65 ಕೋಟಿಗೂ ಅಧಿಕ ಸಂಖ್ಯೆಯಲ್ಲಿ ಟಂಕಿತವಾಗಿದ್ದರೂ, ಕೆಲವು ವರ್ಷಗಳ ನಾಣ್ಯಗಳು ಬಹುಮಟ್ಟಿಗೆ ನಾಮಾವಶೇಷವಾದವು. ಹೀಗಾಗಿ ನೋಡಲು ಒಂದೇ ತೆರನಾಗಿರುವ ಎರಡು ನಾಣ್ಯಗಳಲ್ಲಿ ಒಂದರ ಬೆಲೆ ಬೆಳ್ಳಿಯ ಬೆಲೆಗಿಂತ ತುಸು ಹೆಚ್ಚು, ಮತ್ತೊಂದರ ಬೆಲೆ ಅದರ ನೂರಾರು ಪಟ್ಟು. 1921ರಲ್ಲಿ ಫಿಲಡೆಲ್ಫಿಯಾ ಒಂದರಲ್ಲಿಯೇ 4 ಕೋಟಿ 46 ಲಕ್ಷಕ್ಕೂ ಹೆಚ್ಚು ಮಾರ್ಗನ್ ಡಾಲರುಗಳು ಹೊರಬಂದವು. 1893ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಬಂದದ್ದು ಕೇವಲ 1 ಲಕ್ಷ. ವರ್ಷದ ಅಂಕಿ ಮತ್ತು ಒಂದು ಪುಟ್ಟ ಅಕ್ಷರ, ಇವೆರಡರ ಮೇಲೆ ಇಷ್ಟು ದೊಡ್ಡ ಬೆಲೆಯ ವ್ಯತ್ಯಾಸವು ನಿಂತಿರುವಾಗ ಮೋಸಗಾರರ ಕಣ್ಣು ಅಲ್ಲಿ ಬೀಳುವುದು ಸಹಜವೇ ಆಗಿದೆ.

ಖೋಟಾ ನಾಣ್ಯಗಳ ಬಗೆಗಳು

ಖೋಟಾ ಎಂದೊಡನೆ ತಾಮ್ರದ ಮೇಲೆ ಬೆಳ್ಳಿ ಮುಲಾಮು ಹಾಕಿದ ಒರಟು ಬಿಲ್ಲೆಯ ಚಿತ್ರವು ಮನಸ್ಸಿಗೆ ಬರುತ್ತದೆ. ವಾಸ್ತವದಲ್ಲಿ ಮಾರುಕಟ್ಟೆಯಲ್ಲಿರುವುದು ನಾಲ್ಕು ಬಗೆ.

1. ಕೀಳು ಲೋಹದ ನಾಣ್ಯಗಳು: ಹಿತ್ತಾಳೆ, ತಾಮ್ರ-ನಿಕ್ಕಲ್ ಮಿಶ್ರಲೋಹ ಅಥವಾ ಕಬ್ಬಿಣದ ಬಿಲ್ಲೆಗೆ ಬೆಳ್ಳಿಯ ತೆಳು ಲೇಪ ನೀಡಿದವು. ಅಂತರ್ಜಾಲದಲ್ಲಿ ಹೊಸಬರನ್ನು ಸಿಕ್ಕಿಸುವವುಗಳಲ್ಲಿ ಬಹುಪಾಲು ಇವೇ. ಇಂದು ಇಂಥವುಗಳಲ್ಲಿ ಅಧಿಕಾಂಶವು ಚೀನಾದಲ್ಲಿ ತಯಾರಾಗುತ್ತಿವೆ.

2. ಬೆಳ್ಳಿಯಿಂದಲೇ ಮಾಡಿದ ಖೋಟಾ ನಾಣ್ಯಗಳು: ನಿಜವಾದ ನಾಣ್ಯದಿಂದ ಅಚ್ಚು ತೆಗೆದು, ಸರಿಯಾದ ತೂಕದ ಬೆಳ್ಳಿಯ ಬಿಲ್ಲೆಯ ಮೇಲೆ ಮುದ್ರಿಸಿದವು. ಇಲ್ಲಿ ಲಾಭವಿರುವುದು ವಿರಳ ವರ್ಷಗಳ ಬೆಲೆಯಲ್ಲಿ. ತಕ್ಕಡಿಯೊಂದೇ ಇವುಗಳನ್ನು ಹಿಡಿಯಲಾರದು. 1896, 1900 ಮತ್ತು 1902ರ ನ್ಯೂ ಆರ್ಲಿಯನ್ಸ್ ಡಾಲರುಗಳಲ್ಲಿ ಪುಟ್ಟ ‘ಓ’ ಅಕ್ಷರವಿರುವ ವಿಶೇಷ ಪ್ರಭೇದವನ್ನು ತಜ್ಞರೂ ಬಹುಕಾಲ ನೈಜವೆಂದೇ ಒಪ್ಪಿಕೊಂಡಿದ್ದರು. ಅವು ಹಳೆಯ ಕಾಲದ ಖೋಟಾ ನಾಣ್ಯಗಳೆಂದು ನಿರ್ಧಾರವಾದದ್ದು 2005ರಲ್ಲಿ.

3. ತಿದ್ದಿದ ನೈಜ ನಾಣ್ಯಗಳು: ನಾಣ್ಯವೇನೋ ನಿಜವಾದುದೇ. ಆದರೆ ಅದರ ಮೇಲಿನ ಟಂಕಸಾಲೆಯ ಗುರುತನ್ನು ಕೆರೆದು ತೆಗೆದಿರುತ್ತಾರೆ, ಇಲ್ಲವೇ ಬೇರೊಂದು ಅಕ್ಷರವನ್ನು ಅಂಟಿಸಿರುತ್ತಾರೆ. ಸಾಧಾರಣವಾದ 1893ರ ಫಿಲಡೆಲ್ಫಿಯಾ ಡಾಲರಿಗೆ ‘ಎಸ್’ ಅಕ್ಷರವನ್ನು ಸೇರಿಸುವುದು, 1928ರ ಸ್ಯಾನ್ ಫ್ರಾನ್ಸಿಸ್ಕೋ ಪೀಸ್ ಡಾಲರಿನಿಂದ ‘ಎಸ್’ ಅನ್ನು ಅಳಿಸಿ ವಿರಳವಾದ ಫಿಲಡೆಲ್ಫಿಯಾ ನಾಣ್ಯವೆಂದು ಮಾರುವುದು, ಇವು ಹಳೆಯ ತಂತ್ರಗಳು.

4. ಖೋಟಾ ಕವಚಗಳು: ಪರೀಕ್ಷಕ ಸಂಸ್ಥೆಗಳು ಮೊಹರು ಮಾಡಿ ಕೊಡುವ ಪ್ಲಾಸ್ಟಿಕ್ ಕವಚವನ್ನೂ ಅದರೊಳಗಿನ ಚೀಟಿಯನ್ನೂ ನಕಲು ಮಾಡಿ, ಖೋಟಾ ನಾಣ್ಯಕ್ಕೆ ಪ್ರಮಾಣಪತ್ರದ ವೇಷ ತೊಡಿಸುವುದು. 2008ರ ಸುಮಾರಿನಿಂದ ಇದು ಕಾಣಿಸಿಕೊಂಡಿದೆ.

ಇವುಗಳಲ್ಲದೆ, ಖೋಟಾ ಎನ್ನಲಾಗದಿದ್ದರೂ ಕೊಳ್ಳುವವರಿಗೆ ನಷ್ಟ ತರುವ ನಾಣ್ಯಗಳೂ ಇವೆ. ರಾಸಾಯನಿಕದಿಂದ ತೊಳೆದು ಹೊಳಪೇರಿಸಿದ ಹಳೆಯ ನಾಣ್ಯವು ಸಂಗ್ರಾಹಕರ ದೃಷ್ಟಿಯಲ್ಲಿ ಮೌಲ್ಯ ಕಳೆದುಕೊಂಡ ನಾಣ್ಯ. ಅಂತೆಯೇ 1971ರಿಂದ 1978ರವರೆಗಿನ ಐಸೆನ್‌ಹೋವರ್ ಡಾಲರುಗಳನ್ನು ಕೆಲವರು ‘ಬೆಳ್ಳಿ ಡಾಲರ್’ ಎಂಬ ಹೆಸರಿನಲ್ಲಿ ಮಾರುತ್ತಾರೆ. ಅವುಗಳ ಅಳತೆ ಬೆಳ್ಳಿ ಡಾಲರಿನದೇ. ಆದರೆ ಚಲಾವಣೆಯ ಐಸೆನ್‌ಹೋವರ್ ಡಾಲರಿನಲ್ಲಿ ಬೆಳ್ಳಿಯ ಲವಲೇಶವೂ ಇಲ್ಲ. ಸಂಗ್ರಾಹಕರಿಗೆಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮಾಡಿದ ಕೆಲವದರಲ್ಲಿ ಮಾತ್ರ ಶೇ. 40ರಷ್ಟು ಬೆಳ್ಳಿಯಿದೆ.

ತೂಕ ಮತ್ತು ಅಳತೆ: ಮೊದಲ ಪರೀಕ್ಷೆ

ಕೀಳು ಲೋಹದ ಖೋಟಾಗಳನ್ನು ಹಿಡಿಯಲು ದುಬಾರಿ ಉಪಕರಣಗಳ ಅಗತ್ಯವಿಲ್ಲ. ಗ್ರಾಮಿನ ನೂರನೇ ಒಂದು ಭಾಗವನ್ನು ತೋರಿಸುವ ಸಣ್ಣ ವಿದ್ಯುನ್ಮಾನ ತಕ್ಕಡಿ, ಒಂದು ಕ್ಯಾಲಿಪರ್, ಒಂದು ಭೂತಗನ್ನಡಿ ಹಾಗೂ ಒಂದು ಬಲವಾದ ಅಯಸ್ಕಾಂತ ಇದ್ದರೆ ಸಾಕು. ಕೆಳಗಿನ ಅಂಕಿಗಳನ್ನು ಗುರುತು ಹಾಕಿಕೊಳ್ಳುವುದು ಒಳಿತು.

ಮಾರ್ಗನ್ ಮತ್ತು ಪೀಸ್ ಡಾಲರ್: ತೂಕ 26.73 ಗ್ರಾಂ, ವ್ಯಾಸ 38.1 ಮಿಲಿಮೀಟರ್, ಶೇ. 90 ಬೆಳ್ಳಿ, ಶೇ. 10 ತಾಮ್ರ.

ಟ್ರೇಡ್ ಡಾಲರ್: ತೂಕ 27.22 ಗ್ರಾಂ, ವ್ಯಾಸ 38.1 ಮಿಲಿಮೀಟರ್, ಶೇ. 90 ಬೆಳ್ಳಿ, ಶೇ. 10 ತಾಮ್ರ.

ಸಿಲ್ವರ್ ಈಗಲ್: ತೂಕ 31.10 ಗ್ರಾಂ, ವ್ಯಾಸ 40.6 ಮಿಲಿಮೀಟರ್, ಶೇ. 99.9 ಬೆಳ್ಳಿ.

ಹಳೆಯ ಡಾಲರುಗಳ ತೂಕದಲ್ಲಿ ಟಂಕಸಾಲೆಯು ಒಪ್ಪುತ್ತಿದ್ದ ಹೆಚ್ಚು ಕಡಿಮೆಯು 0.1 ಗ್ರಾಮನ್ನು ಮೀರುತ್ತಿರಲಿಲ್ಲ. ದೀರ್ಘಕಾಲ ಚಲಾವಣೆಯಲ್ಲಿದ್ದು ಸವೆದ ನಾಣ್ಯವು ಇದಕ್ಕಿಂತ ತುಸು ಕಡಿಮೆ ತೂಗಬಹುದು. ಆದರೆ ಹೊಸದರಂತೆ ಕಾಣುವ ನಾಣ್ಯವು ಅರ್ಧ ಗ್ರಾಂ ಕಡಿಮೆ ತೂಗಿದರೆ ಸಂಶಯಪಡಬೇಕು.

ಬೆಳ್ಳಿಯು ತಾಮ್ರ, ಹಿತ್ತಾಳೆ, ನಿಕ್ಕಲ್, ಕಬ್ಬಿಣಗಳಿಗಿಂತ ಸಾಂದ್ರವಾದ ಲೋಹ. ಶೇ. 90 ಬೆಳ್ಳಿಯ ನಾಣ್ಯದ ಸಾಪೇಕ್ಷ ಸಾಂದ್ರತೆ ಸುಮಾರು 10.3. ತಾಮ್ರ-ನಿಕ್ಕಲ್ ಮಿಶ್ರಲೋಹದ್ದು ಸುಮಾರು 8.9. ಆದ್ದರಿಂದ ಕೀಳು ಲೋಹದಿಂದ ಅದೇ ವ್ಯಾಸ, ಅದೇ ದಪ್ಪದ ನಾಣ್ಯವನ್ನು ಮಾಡಿದರೆ ಅದು 23 ಗ್ರಾಮಿನ ಆಸುಪಾಸಿನಲ್ಲಿಯೇ ನಿಂತುಬಿಡುತ್ತದೆ. ತೂಕವನ್ನು ಸರಿದೂಗಿಸಲು ಹೊರಟರೆ ನಾಣ್ಯದ ದಪ್ಪವು ಹೆಚ್ಚುತ್ತದೆ. ತೂಕ, ವ್ಯಾಸ, ದಪ್ಪ ಈ ಮೂರನ್ನೂ ಒಟ್ಟಾಗಿ ನೋಡಬೇಕೆಂಬುದು ಇದಕ್ಕಾಗಿಯೇ.

ಇನ್ನೂ ಖಚಿತವಾಗಿ ತಿಳಿಯಬಯಸುವವರು ನೀರಿನ ಪರೀಕ್ಷೆಯನ್ನು ಮಾಡಬಹುದು. ತಕ್ಕಡಿಯ ಮೇಲೆ ನೀರು ತುಂಬಿದ ಲೋಟವನ್ನಿಟ್ಟು ಅಂಕಿಯನ್ನು ಸೊನ್ನೆಗೆ ತರಬೇಕು. ತೆಳುವಾದ ದಾರದಲ್ಲಿ ನಾಣ್ಯವನ್ನು ಕಟ್ಟಿ, ತಳಕ್ಕಾಗಲೀ ಬದಿಗಾಗಲೀ ತಾಕದಂತೆ ನೀರಿನೊಳಗೆ ತೂಗುಬಿಡಬೇಕು. ಆಗ ತಕ್ಕಡಿ ತೋರಿಸುವ ಅಂಕಿಯಿಂದ ನಾಣ್ಯದ ತೂಕವನ್ನು ಭಾಗಿಸಿದರೆ ಸಾಪೇಕ್ಷ ಸಾಂದ್ರತೆ ದೊರೆಯುತ್ತದೆ. 26.73 ಗ್ರಾಂ ತೂಗುವ ನೈಜ ಡಾಲರ್ ನೀರಿನಲ್ಲಿ ಸುಮಾರು 2.6 ಗ್ರಾಂ ತೋರಿಸಬೇಕು. 3 ಗ್ರಾಂ ತೋರಿಸಿದರೆ ಅದು ಬೆಳ್ಳಿಯಲ್ಲ.

ಅಯಸ್ಕಾಂತಕ್ಕೆ ಅಂಟಿಕೊಂಡ ನಾಣ್ಯವು ಖೋಟಾ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಅಂಟದಿರುವುದು ನೈಜತೆಗೆ ಸಾಕ್ಷಿಯಲ್ಲ, ಏಕೆಂದರೆ ತಾಮ್ರವೂ ಹಿತ್ತಾಳೆಯೂ ಅಂಟುವುದಿಲ್ಲ. ಇಲ್ಲಿ ನಮ್ಮ ಬೆಳ್ಳಿ ವ್ಯಾಪಾರಿಗಳಿಗೆ ಒಂದು ಎಚ್ಚರಿಕೆಯ ಮಾತು. ಒಡವೆಯನ್ನು ಒರೆಗಲ್ಲಿಗೆ ಉಜ್ಜುವ, ಆಮ್ಲದ ಹನಿ ಹಾಕುವ ಅಥವಾ ಅಂಚನ್ನು ಅರದಿಂದ ಉಜ್ಜಿ ನೋಡುವ ಅಭ್ಯಾಸವನ್ನು ಸಂಗ್ರಹಯೋಗ್ಯ ನಾಣ್ಯದ ಮೇಲೆ ಪ್ರಯೋಗಿಸಕೂಡದು. ಒಂದೇ ಒಂದು ಗೀರು ವಿರಳ ನಾಣ್ಯದ ಬೆಲೆಯನ್ನು ಕರಗುವ ಬೆಳ್ಳಿಯ ಬೆಲೆಗೆ ಇಳಿಸಿಬಿಡಬಲ್ಲದು.

ಕಣ್ಣಿನ ಪರೀಕ್ಷೆ: ವರ್ಷ, ಗುರುತು, ಅಂಚು

ಅಂತರ್ಜಾಲದಲ್ಲಿ ಕೊಳ್ಳುವವರಿಗೆ ತೂಗಿ ನೋಡುವ ಅವಕಾಶವು ದೊರೆಯುವುದು ನಾಣ್ಯ ಕೈಸೇರಿದ ಬಳಿಕ. ಅದಕ್ಕೂ ಮೊದಲು ನೋಡಲು ಇರುವುದು ಚಿತ್ರ ಮಾತ್ರ. ಚಿತ್ರದಿಂದಲೂ ತಿಳಿಯಬಹುದಾದ ಸಂಗತಿಗಳು ಹಲವಾರು.

ಮೊದಲು ನೋಡಬೇಕಾದುದು ವರ್ಷ ಮತ್ತು ಟಂಕಸಾಲೆಯ ಗುರುತು ಒಂದಕ್ಕೊಂದು ಹೊಂದುತ್ತವೆಯೇ ಎಂಬುದನ್ನು. ಮಾರ್ಗನ್ ಡಾಲರಿನ ಹಿಂಬದಿಯಲ್ಲಿ, ಎಲೆಗಳ ಹಾರದ ಕೆಳಗೆ ಈ ಗುರುತಿರುತ್ತದೆ. ಗುರುತಿಲ್ಲದಿದ್ದರೆ ಫಿಲಡೆಲ್ಫಿಯಾ, ‘ಓ’ ಇದ್ದರೆ ನ್ಯೂ ಆರ್ಲಿಯನ್ಸ್, ‘ಎಸ್’ ಇದ್ದರೆ ಸ್ಯಾನ್ ಫ್ರಾನ್ಸಿಸ್ಕೋ, ‘ಸಿಸಿ’ ಇದ್ದರೆ ಕಾರ್ಸನ್ ಸಿಟಿ, ‘ಡಿ’ ಇದ್ದರೆ ಡೆನ್ವರ್. ಕಾರ್ಸನ್ ಸಿಟಿಯಲ್ಲಿ ಮಾರ್ಗನ್ ಡಾಲರ್ ತಯಾರಾದದ್ದು 1878ರಿಂದ 1885 ಮತ್ತು 1889ರಿಂದ 1893ರವರೆಗೆ ಮಾತ್ರ. ಡೆನ್ವರ್‌ನಲ್ಲಿ ಹಳೆಯ ಮಾರ್ಗನ್ ಡಾಲರ್ ತಯಾರಾದದ್ದು 1921ರಲ್ಲಿ ಮಾತ್ರ. ಆದ್ದರಿಂದ 1887ರ ‘ಸಿಸಿ’ ಡಾಲರ್ ಎಂಬುದು ಇರಲಾರದು. 1905ರಿಂದ 1920ರವರೆಗಿನ ಯಾವ ವರ್ಷದ ಮಾರ್ಗನ್ ಡಾಲರೂ ಇಲ್ಲ. 1873ಕ್ಕೆ ಮೊದಲಿನ ಟ್ರೇಡ್ ಡಾಲರ್ ಇಲ್ಲ. 1964ರಲ್ಲಿ ಡೆನ್ವರ್ ಟಂಕಸಾಲೆಯು 3,16,076 ಪೀಸ್ ಡಾಲರುಗಳನ್ನು ಟಂಕಿಸಿತಾದರೂ ಅವೆಲ್ಲವನ್ನೂ ಕರಗಿಸಲಾಯಿತು. ಆ ವರ್ಷದ ಪೀಸ್ ಡಾಲರನ್ನು ಯಾರಾದರೂ ಮಾರುತ್ತಿದ್ದರೆ ಅದು ಟಂಕಸಾಲೆಯಿಂದ ಬಂದ ನಾಣ್ಯವಲ್ಲ. 1804ರ ಡಾಲರುಗಳು ಲೋಕದಲ್ಲಿ ತಿಳಿದಿರುವಂತೆ ತೀರಾ ಕೆಲವು ಮಾತ್ರ ಇವೆ. ಪ್ರತಿಯೊಂದರ ಇತಿಹಾಸವೂ ದಾಖಲಾಗಿದೆ. ಅಂಥದ್ದೊಂದು ಕೆಲವು ಸಾವಿರ ರೂಪಾಯಿಗಳಿಗೆ ದೊರಕುವುದು ಸಾಧ್ಯವೇ ಇಲ್ಲ.

ವಿರಳ ನಾಣ್ಯಗಳಿಗೆ ಅವುಗಳದೇ ಆದ ಸೂಕ್ಷ್ಮ ಲಕ್ಷಣಗಳಿರುತ್ತವೆ. 1893ರ ‘ಎಸ್’ ಡಾಲರುಗಳ ಮುಂಬದಿಯನ್ನು ಒಂದೇ ಅಚ್ಚಿನಿಂದ ಮುದ್ರಿಸಲಾಗಿತ್ತು. ಆ ಅಚ್ಚಿನಲ್ಲಿದ್ದ ಸಣ್ಣ ಗೀರಿನ ಫಲವಾಗಿ, ಮುಕುಟದ ಮೇಲಿನ ‘ಲಿಬರ್ಟಿ’ ಪದದ ‘ಟಿ’ ಅಕ್ಷರದ ಮೇಲ್ಭಾಗದಲ್ಲಿ ಓರೆಯಾದ ಉಬ್ಬುಗೆರೆಯೊಂದು ಕಾಣುತ್ತದೆ. ಕೇವಲ ‘ಎಸ್’ ಅಂಟಿಸಿದವನು ಈ ಗೆರೆಯನ್ನು ತರಲಾರ. ಗುರುತಿನ ಅಕ್ಷರದ ಸುತ್ತ ಅಂಟಿನ ಕಲೆ, ಉಜ್ಜಿದ ಗೀರು ಅಥವಾ ಬಣ್ಣದ ವ್ಯತ್ಯಾಸ ಕಂಡರೆ ಅದು ತಿದ್ದಿದ ನಾಣ್ಯವೆಂದು ತಿಳಿಯಬಹುದು.

ಇನ್ನುಳಿದಂತೆ ಮಸುಕಾದ, ಸೋಪಿನಂತೆ ನುಣುಪಾದ ಅಕ್ಷರಗಳು, ಮೇಲ್ಮೈಯಲ್ಲಿ ಎರಕದ ಗುಳ್ಳೆಗಳ ಕುಳಿಗಳು, ಅಂಚಿನ ಸುತ್ತ ಬೆಸುಗೆಯಂಥ ಗೆರೆ, ಒಂದೇ ಸಮನಾಗಿಲ್ಲದ ಅಂಚಿನ ಹಲ್ಲುಗಳು, ಇವೆಲ್ಲ ಖೋಟಾದ ಸೂಚನೆಗಳು. ಒಬ್ಬನೇ ಮಾರಾಟಗಾರನ ಎರಡು ನಾಣ್ಯಗಳಲ್ಲಿ ಒಂದೇ ಜಾಗದಲ್ಲಿ ಒಂದೇ ಆಕಾರದ ಗಾಯದ ಗುರುತು ಕಂಡುಬಂದರೆ, ಅವೆರಡೂ ಒಂದೇ ಮೂಲ ನಾಣ್ಯದಿಂದ ತೆಗೆದ ಅಚ್ಚಿನಲ್ಲಿ ಮಾಡಿದವೆಂಬುದು ನಿಶ್ಚಿತ. ಸಿಲ್ವರ್ ಈಗಲ್ ವಿಷಯದಲ್ಲಿ ಅಮೆರಿಕದ ಟಂಕಸಾಲೆಯೇ ಮುಂಜಾಗ್ರತೆ ವಹಿಸಿದೆ. 2021ರ ನಡುವಿನಲ್ಲಿ ಬಂದ ಹೊಸ ವಿನ್ಯಾಸದ ನಾಣ್ಯಗಳ ಅಂಚಿನ ಹಲ್ಲುಗಳ ಸಾಲಿನಲ್ಲಿ ಉದ್ದೇಶಪೂರ್ವಕವಾಗಿ ಒಂದು ಹಲ್ಲನ್ನು ಬಿಡಲಾಗಿದೆ.

ಪರೀಕ್ಷಕ ಸಂಸ್ಥೆಗಳು ಮತ್ತು ಅವುಗಳ ಕವಚ

ನಾಣ್ಯದ ನೈಜತೆಯನ್ನು ಪರಿಶೀಲಿಸಿ, 1ರಿಂದ 70ರವರೆಗಿನ ಅಳತೆಗೋಲಿನಲ್ಲಿ ದರ್ಜೆ ನೀಡಿ, ಪಾರದರ್ಶಕ ಕವಚದಲ್ಲಿ ಮೊಹರು ಮಾಡಿಕೊಡುವ ಸ್ವತಂತ್ರ ಸಂಸ್ಥೆಗಳು ಅಮೆರಿಕದಲ್ಲಿವೆ. 1986ರಲ್ಲಿ ಆರಂಭವಾದ ಪಿಸಿಜಿಎಸ್ ಮತ್ತು 1987ರಲ್ಲಿ ಆರಂಭವಾದ ಎನ್‌ಜಿಸಿ ಇವುಗಳಲ್ಲಿ ಪ್ರಮುಖವಾದವು. ಬೆಲೆಬಾಳುವ ಡಾಲರನ್ನು ದೂರದಿಂದ ಕೊಳ್ಳುವವರಿಗೆ ಇಂಥ ಕವಚದೊಳಗಿನ ನಾಣ್ಯವೇ ಕ್ಷೇಮಕರ.

ಆದರೆ ಕವಚವೂ ಖೋಟಾ ಆಗಿರಬಹುದೆಂಬುದನ್ನು ಮೇಲೆ ಹೇಳಿದೆ. ಆದ್ದರಿಂದ ಚೀಟಿಯ ಮೇಲಿನ ಪ್ರಮಾಣಪತ್ರದ ಸಂಖ್ಯೆಯನ್ನು ಆಯಾ ಸಂಸ್ಥೆಯ ಜಾಲತಾಣದಲ್ಲಿ ಪರಿಶೀಲಿಸಬೇಕು. ಸಂಖ್ಯೆಯು ಅಲ್ಲಿ ದೊರೆತ ಮಾತ್ರಕ್ಕೆ ತೃಪ್ತರಾಗಬಾರದು. ಜಾಣ ಮೋಸಗಾರರು ನಿಜವಾದ ಸಂಖ್ಯೆಯನ್ನೇ ಕದ್ದು ಬಳಸುತ್ತಾರೆ. ಸಂಸ್ಥೆಯು ಪ್ರಕಟಿಸಿರುವ ಛಾಯಾಚಿತ್ರವಿದ್ದಲ್ಲಿ, ಅದರಲ್ಲಿನ ಗೀರುಗಳು, ಕಲೆಗಳು, ಬಣ್ಣದ ಛಾಯೆಗಳು ಮಾರಾಟಕ್ಕಿರುವ ನಾಣ್ಯದೊಡನೆ ಹೊಂದುತ್ತವೆಯೇ ಎಂದು ಒಂದೊಂದಾಗಿ ಹೋಲಿಸಿ ನೋಡಬೇಕು. ಗೀರುಗಳು ನಾಣ್ಯದ ಬೆರಳಚ್ಚಿದ್ದಂತೆ. ಎರಡು ನಾಣ್ಯಗಳಲ್ಲಿ ಅವು ಒಂದೇ ಆಗಿರುವುದಿಲ್ಲ. ಪಿಸಿಜಿಎಸ್ ಸಂಸ್ಥೆಯು 2020ರಿಂದ ಕವಚದೊಳಗೆ ಮೊಬೈಲ್ ದೂರವಾಣಿಯಿಂದ ಪರಿಶೀಲಿಸಬಹುದಾದ ಸೂಕ್ಷ್ಮ ಚಿಪ್ಪನ್ನೂ ಅಳವಡಿಸಲು ಆರಂಭಿಸಿತು. ಹೆಸರೇ ಕೇಳದ ಸಂಸ್ಥೆಗಳ ಕವಚಗಳಿಗೆ ಹೆಚ್ಚಿನ ಬೆಲೆ ತೆರುವುದು ವಿವೇಕವಲ್ಲ.

ಮಾರಾಟಗಾರನನ್ನು ಪರೀಕ್ಷಿಸಿರಿ

ನಾಣ್ಯಕ್ಕಿಂತ ಮೊದಲು ಮಾರಾಟಗಾರನನ್ನು ಕೊಳ್ಳಬೇಕೆಂಬುದು ಈ ಕ್ಷೇತ್ರದ ಅನುಭವಿಗಳ ಮಾತು. ಬೆಲೆಯೇ ಮೊದಲ ಸುಳಿವು. ಒಂದು ಮಾರ್ಗನ್ ಡಾಲರಿನಲ್ಲಿ 24.06 ಗ್ರಾಂ ಅಪ್ಪಟ ಬೆಳ್ಳಿಯಿದೆ. ಲೆಕ್ಕದ ಸುಲಭಕ್ಕಾಗಿ ಬೆಳ್ಳಿಯ ದರವನ್ನು ಗ್ರಾಮಿಗೆ 100 ರೂಪಾಯಿ ಎಂದು ಇಟ್ಟುಕೊಂಡರೂ ಕೇವಲ ಲೋಹದ ಬೆಲೆ 2,406 ರೂಪಾಯಿಯಾಗುತ್ತದೆ. ಅಂದಂದಿನ ದರವನ್ನು 24.06ರಿಂದ ಗುಣಿಸಿದರೆ ಆ ದಿನದ ಕನಿಷ್ಠ ಬೆಲೆಯು ದೊರೆಯುತ್ತದೆ. ಅದನ್ನು ಕರಗಿಸಿದರೂ ಅಷ್ಟು ಹಣ ಬರುವಾಗ, ಅದಕ್ಕಿಂತ ಕಡಿಮೆ ಬೆಲೆಗೆ ಮಾರುವ ಧರ್ಮಾತ್ಮನು ಯಾರು ಎಂಬ ಪ್ರಶ್ನೆಯನ್ನು ಕೊಳ್ಳುವವರು ತಮಗೆ ತಾವೇ ಹಾಕಿಕೊಳ್ಳಬೇಕು.

ಕೆಳಗಿನ ಲಕ್ಷಣಗಳು ಕಂಡುಬಂದಲ್ಲಿ ಹಿಂಜರಿಯುವುದೇ ಲೇಸು.

• ಒಂದೇ ಬಗೆಯ ವಿರಳ ನಾಣ್ಯಗಳು ಹತ್ತಾರು ಸಂಖ್ಯೆಯಲ್ಲಿ ದಾಸ್ತಾನಿವೆಯೆಂದು ಹೇಳುವುದು.

• ನಾಣ್ಯದ ಎರಡೂ ಬದಿಗಳ ಸ್ಪಷ್ಟ ಚಿತ್ರವಿಲ್ಲದಿರುವುದು, ಅಥವಾ ಬೇರೆಡೆಯಿಂದ ಎತ್ತಿಕೊಂಡ ಚಿತ್ರವನ್ನು ಬಳಸಿರುವುದು.

• ಅಂಚಿನ ಚಿತ್ರವನ್ನೂ ತಕ್ಕಡಿಯ ಮೇಲಿನ ತೂಕದ ಚಿತ್ರವನ್ನೂ ಕೇಳಿದಾಗ ನುಣುಚಿಕೊಳ್ಳುವುದು.

• ‘ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕಿತು, ನನಗೆ ನಾಣ್ಯಗಳ ವಿಷಯ ತಿಳಿಯದು’ ಎಂಬ ಕರುಣಾಜನಕ ಕಥೆಯ ಜೊತೆಗೆ ‘ಮರಳಿ ಪಡೆಯಲಾಗುವುದಿಲ್ಲ’ ಎಂಬ ಷರತ್ತು.

• ಸಾಮಾಜಿಕ ಜಾಲತಾಣದ ಜಾಹೀರಾತಿನಿಂದ ತೆರೆದುಕೊಳ್ಳುವ, ವಿಳಾಸವಿಲ್ಲದ ಹೊಸ ಅಂಗಡಿಗಳು.

• ಮಾರುಕಟ್ಟೆ ತಾಣದ ಹೊರಗೆ ನೇರವಾಗಿ ಹಣ ಕಳುಹಿಸುವಂತೆ, ಉಡುಗೊರೆ ಕಾರ್ಡ್ ಅಥವಾ ಕ್ರಿಪ್ಟೋ ಮೂಲಕ ಪಾವತಿಸುವಂತೆ ಒತ್ತಾಯಿಸುವುದು.

1891ರಲ್ಲಿ ಸ್ಥಾಪಿತವಾದ ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಅಸೋಸಿಯೇಷನ್ ಹಾಗೂ 1955ರಲ್ಲಿ ಸ್ಥಾಪಿತವಾದ ಪ್ರೊಫೆಷನಲ್ ನ್ಯೂಮಿಸ್ಮ್ಯಾಟಿಸ್ಟ್ಸ್ ಗಿಲ್ಡ್ ತಮ್ಮ ಸದಸ್ಯ ವ್ಯಾಪಾರಿಗಳಿಗೆ ನೀತಿಸಂಹಿತೆಯನ್ನು ವಿಧಿಸಿವೆ. ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರೂ, ಅವರ ಮೂಲಕ ನಾಣ್ಯ ತರಿಸುವ ಇಲ್ಲಿನ ಬಂಧುಗಳೂ ಇಂಥ ಸದಸ್ಯರಿಂದಲೇ ಕೊಳ್ಳುವುದು ಸೂಕ್ತ.

ಅಮೆರಿಕದ ಕಾನೂನು

ಪ್ರತಿಕೃತಿಗಳ ತಯಾರಿಕೆಯನ್ನು ಅಮೆರಿಕದ ಕಾನೂನು ಪೂರ್ಣವಾಗಿ ನಿಷೇಧಿಸಿಲ್ಲ. 1973ರ ಹಾಬಿ ಪ್ರೊಟೆಕ್ಷನ್ ಕಾಯಿದೆಯ ಪ್ರಕಾರ ಸಂಗ್ರಹ ನಾಣ್ಯದ ಪ್ರತಿಕೃತಿಯ ಮೇಲೆ ‘ಕಾಪಿ’ ಎಂಬ ಪದವನ್ನು ಅಳಿಸಲಾಗದಂತೆ ಒತ್ತಬೇಕು. ಆದರೆ ಆ ಕಾಯಿದೆಯು ಮುಖ್ಯವಾಗಿ ತಯಾರಕರನ್ನೂ ಆಮದುದಾರರನ್ನೂ ಹೊಣೆಯಾಗಿಸಿತ್ತು. 2014ರ ಡಿಸೆಂಬರಿನಲ್ಲಿ ಜಾರಿಗೆ ಬಂದ ಕಲೆಕ್ಟಿಬಲ್ ಕಾಯಿನ್ ಪ್ರೊಟೆಕ್ಷನ್ ಕಾಯಿದೆಯು ಹೊಣೆಯನ್ನು ಮಾರುವವರಿಗೂ, ಅರಿತಿದ್ದೂ ಅವರಿಗೆ ಗಣನೀಯ ನೆರವು ನೀಡುವವರಿಗೂ ವಿಸ್ತರಿಸಿತು. ಪರೀಕ್ಷಕ ಸಂಸ್ಥೆಗಳ ವ್ಯಾಪಾರಮುದ್ರೆಯನ್ನು ನಕಲು ಮಾಡುವುದರ ವಿರುದ್ಧವೂ ಅದರಲ್ಲಿ ಪರಿಹಾರವಿದೆ. ಆದರೆ ಮಾರಾಟಗಾರನು ಮೂರನೆಯ ದೇಶವೊಂದರಲ್ಲಿದ್ದು, ಅಲ್ಲಿಂದಲೇ ಅಂಚೆಯ ಮೂಲಕ ಸರಕು ಕಳುಹಿಸಿದಾಗ ಈ ಕಾಯಿದೆಗಳ ಕೈ ಅವನನ್ನು ತಲುಪುವುದು ಕಷ್ಟ.

ನಮ್ಮಲ್ಲಿನ ಗ್ರಾಹಕರು ಗಮನಿಸಬೇಕಾದುದು

ಭಾರತದಿಂದ ಕೊಳ್ಳುವವರಿಗೆ ಇನ್ನೂ ಕೆಲವು ತೊಡಕುಗಳಿವೆ. ಬೆಳ್ಳಿ ನಾಣ್ಯದ ಆಮದಿಗೆ ಸುಂಕವಿದೆ ಮತ್ತು ಬೆಳ್ಳಿಯ ಆಮದು ನೀತಿಯು ಆಗಿಂದಾಗ್ಗೆ ಬದಲಾಗುತ್ತಿರುತ್ತದೆ. ಆದ್ದರಿಂದ ಹಣ ಪಾವತಿಸುವ ಮೊದಲು ಕಸ್ಟಮ್ಸ್ ದಲ್ಲಾಳಿಗಳಿಂದ ಅಂದಿನ ನಿಯಮವನ್ನೂ ದರವನ್ನೂ ತಿಳಿದುಕೊಳ್ಳಬೇಕು. ನಾಣ್ಯವು ಖೋಟಾ ಎಂದು ತಿಳಿದು ಮರಳಿಸಬೇಕಾಗಿ ಬಂದರೆ ತೆತ್ತ ಸುಂಕ, ಅಂಚೆ ವೆಚ್ಚಗಳೆಲ್ಲ ಹೆಚ್ಚುವರಿ ಹೊರೆಯಾಗುತ್ತವೆ.

ಎರಡನೆಯದು, 1972ರ ಪ್ರಾಚೀನ ವಸ್ತುಗಳು ಮತ್ತು ಕಲಾನಿಧಿಗಳ ಕಾಯಿದೆ. ನೂರು ವರ್ಷಗಳಿಗೆ ಕಡಿಮೆಯಿಲ್ಲದಷ್ಟು ಹಳೆಯ ನಾಣ್ಯವು ಈ ಕಾಯಿದೆಯ ವ್ಯಾಖ್ಯೆಯಲ್ಲಿ ಪ್ರಾಚೀನ ವಸ್ತುವಾಗುತ್ತದೆ. ಪ್ರಾಚೀನ ವಸ್ತುಗಳನ್ನು ಖಾಸಗಿಯವರು ದೇಶದ ಹೊರಗೆ ಕಳುಹಿಸುವಂತಿಲ್ಲ. 1921ರಲ್ಲಿಯೇ ನಿಂತುಹೋದ ಹಳೆಯ ಮಾರ್ಗನ್ ಡಾಲರುಗಳೆಲ್ಲವೂ ಈಗ ನೂರು ವರ್ಷ ದಾಟಿವೆ. ಕವಚವಿಲ್ಲದ ನಾಣ್ಯವನ್ನು ಅಗ್ಗವಾಗಿ ತರಿಸಿಕೊಂಡು, ಅನಂತರ ಪರೀಕ್ಷೆಗೆಂದು ಅಮೆರಿಕಕ್ಕೆ ಕಳುಹಿಸಬಹುದೆಂಬ ಲೆಕ್ಕಾಚಾರವು ಇಲ್ಲಿ ಕೈಕೊಡುತ್ತದೆ. ಆದ್ದರಿಂದ ಬೆಲೆಬಾಳುವ ನಾಣ್ಯವಾದರೆ ಅಲ್ಲಿಯೇ ಪರೀಕ್ಷೆಯಾಗಿ ಮೊಹರಾದುದನ್ನೇ ತರಿಸಬೇಕು.

ಮೂರನೆಯದು, ಹಳೆಯ ನಾಣ್ಯಗಳ ಹೆಸರಿನಲ್ಲಿ ನಡೆಯುವ ಶುಲ್ಕ ವಂಚನೆ. ತನ್ನ ಹೆಸರನ್ನೂ ಲಾಂಛನವನ್ನೂ ಬಳಸಿಕೊಂಡು, ಹಳೆಯ ನೋಟು ಮತ್ತು ನಾಣ್ಯಗಳ ವಹಿವಾಟಿಗೆ ಶುಲ್ಕ, ಕಮಿಷನ್ ಅಥವಾ ತೆರಿಗೆಯನ್ನು ಕೇಳುವವರ ಬಗ್ಗೆ ಭಾರತೀಯ ರಿಸರ್ವ್ ಬ್ಯಾಂಕು 2021ರ ಆಗಸ್ಟ್‌ನಲ್ಲಿ ಸಾರ್ವಜನಿಕರನ್ನು ಎಚ್ಚರಿಸಿತು. ಇಂಥ ವ್ಯವಹಾರದಲ್ಲಿ ತಾನು ತೊಡಗಿಲ್ಲ, ಯಾರಿಗೂ ಅಧಿಕಾರ ನೀಡಿಲ್ಲ ಎಂದು ಅದು ಸ್ಪಷ್ಟಪಡಿಸಿದೆ.

ಮೋಸ ಹೋದಾಗ ಮಾಡಬೇಕಾದುದು

ಪೊಟ್ಟಣವನ್ನು ತೆರೆಯುವಾಗಲೇ ವಿಡಿಯೋ ಚಿತ್ರೀಕರಣ ಮಾಡಿಕೊಳ್ಳುವುದು, ಹೊದಿಕೆ ಮತ್ತು ರಸೀದಿಗಳನ್ನು ಕಾದಿರಿಸುವುದು, ನಾಣ್ಯ ಕೈಸೇರಿದ ದಿನವೇ ತೂಗಿ ಅಳೆಯುವುದು ಒಳ್ಳೆಯ ಕ್ರಮ. ಖೋಟಾ ಎಂದು ಕಂಡೊಡನೆ ಮಾರುಕಟ್ಟೆ ತಾಣಕ್ಕೆ ಲಿಖಿತ ದೂರು ಸಲ್ಲಿಸಬೇಕು. ಅಲ್ಲಿನ ಖಾತರಿ ಯೋಜನೆಗಳಿಗೆ ಕಾಲಮಿತಿಯಿರುತ್ತದೆ. ‘ಇಂದು ಕಳುಹಿಸುವೆ, ನಾಳೆ ಕಳುಹಿಸುವೆ’ ಎಂದು ಮಾರಾಟಗಾರನು ದಿನ ತಳ್ಳುವುದು ಆ ಅವಧಿಯನ್ನು ಮೀರಿಸಲೆಂದೇ. ಕ್ರೆಡಿಟ್ ಕಾರ್ಡಿನಿಂದ ಪಾವತಿಸಿದ್ದರೆ ಬ್ಯಾಂಕಿನಲ್ಲಿ ತಕರಾರು ದಾಖಲಿಸುವ ಹಕ್ಕು ಇದೆ. ಭಾರತದಲ್ಲಿ ಆನ್‌ಲೈನ್ ಹಣಕಾಸು ವಂಚನೆಯನ್ನು 1930 ಸಹಾಯವಾಣಿಗೆ ಕೂಡಲೇ ತಿಳಿಸಬೇಕು.

ಒಂದು ಸಂಗತಿಯನ್ನು ಒತ್ತಿ ಹೇಳಬೇಕಾಗಿದೆ. ತಾವು ಮೋಸ ಹೋದೆವೆಂದು ತಿಳಿದ ಬಳಿಕ, ನಷ್ಟವನ್ನು ತುಂಬಿಕೊಳ್ಳಲು ಅದೇ ನಾಣ್ಯವನ್ನು ಮತ್ತೊಬ್ಬರಿಗೆ ದಾಟಿಸುವವರಿದ್ದಾರೆ. ಅರಿಯದೆ ಕೊಂಡವನು ವಂಚಿತ. ಅರಿತು ಮಾರಿದವನು ವಂಚಕ. ಹಣದ ನಷ್ಟವನ್ನು ಕಾಲಕ್ರಮದಲ್ಲಿ ತುಂಬಿಕೊಳ್ಳಬಹುದು, ವ್ಯಾಪಾರಿಯ ಹೆಸರಿಗೆ ತಗಲಿದ ಕಲೆ ಅಷ್ಟು ಸುಲಭವಾಗಿ ಹೋಗದು.

ಉಪಸಂಹಾರ

ಖೋಟಾ ನಾಣ್ಯದಿಂದಾಗುವ ಹಾನಿಯು ಅದನ್ನು ಕೊಂಡ ಒಬ್ಬ ವ್ಯಕ್ತಿಯಲ್ಲಿಗೆ ನಿಲ್ಲುವುದಿಲ್ಲ. ಒಮ್ಮೆ ಕೈ ಸುಟ್ಟುಕೊಂಡವರು ಪ್ರಾಮಾಣಿಕ ವ್ಯಾಪಾರಿಯನ್ನೂ ಸಂಶಯದಿಂದಲೇ ಕಾಣುತ್ತಾರೆ. ನೈಜ ನಾಣ್ಯವನ್ನು ಮಾರಹೊರಟ ವಾರಸುದಾರರಿಗೂ ಸರಿಯಾದ ಬೆಲೆ ದೊರಕದಂತಾಗುತ್ತದೆ. ಬೆಳ್ಳಿಯ ದರವು ಏರಿದಷ್ಟೂ ಹಳೆಯ ನಾಣ್ಯಗಳನ್ನು ಹಿಡಿದು ಅಂಗಡಿಗೆ ಬರುವವರ ಸಂಖ್ಯೆಯೂ ಏರುತ್ತದೆ. ಅವರ ಕೈಯಲ್ಲಿನ ಡಾಲರನ್ನು ತೂಗಿ, ಅಳೆದು, ವರ್ಷ ಮತ್ತು ಗುರುತುಗಳನ್ನು ತಾಳೆ ನೋಡಿ ನಿಜವನ್ನು ಹೇಳಬಲ್ಲ ವ್ಯಾಪಾರಿಗೆ ಗ್ರಾಹಕರ ವಿಶ್ವಾಸವು ತಾನಾಗಿಯೇ ಒಲಿಯುತ್ತದೆ.

ಒಂದು ಶತಮಾನದ ಹಿಂದೆ ಅಮೆರಿಕದ 25 ಕೋಟಿಗೂ ಹೆಚ್ಚು ಡಾಲರುಗಳು ಕರಗಿ ನಮ್ಮ ನಾಡಿಗೆ ಬಂದದ್ದು ಇಲ್ಲಿನ ಜನರು ಕಾಗದಕ್ಕಿಂತ ಬೆಳ್ಳಿಯನ್ನು ನಂಬಿದ್ದರಿಂದ. ಆ ನಂಬಿಕೆಗೆ ತಕ್ಕಡಿಯ ಬೆಂಬಲವಿತ್ತು. ಅಂತರ್ಜಾಲದ ಮಾರುಕಟ್ಟೆಯಲ್ಲಿಯೂ ಕೊಳ್ಳುವವರು ತಕ್ಕಡಿಯನ್ನು ಕೈಬಿಡದಿರಲಿ.